ಬನಶಂಕರಿ ಜಾತ್ರೆಯಲ್ಲಿ ಮನೆಮಂದಿಯೆಲ್ಲ ಕೂತು ಕಂಪನಿ ನಾಟಕ ನೋಡುವುದು ಹೇಗೆ?

ಹಾಡು ಬೇಕು, ಕುಣಿತ ಬೇಕು, ಹೊಟ್ಟೆ ತುಂಬ ನಗು ಬೇಕು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ನೋಡುವಂತಿರಬೇಕು. ಹೀಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಕಂಪನಿ ನಾಟಕ, ಅಂದರೆ ನಾಟಕವನ್ನೇ ಹೊಟ್ಟೆಪಾಡು ಮಾಡಿಕೊಂಡ ತಂಡಗಳು ಟಿಕೆಟ್ ಇಟ್ಟು ಆಡುವ ನಾಟಕ. ವೃತ್ತಿ ರಂಗಭೂಮಿ ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ, ಜನ ಕರೆಯುವುದು ಕಂಪನಿ ನಾಟಕ ಅಂತಲೇ. ಟಿವಿ ಬಂತು, ಮೊಬೈಲ್ ಬಂತು, ಇನ್ನು ಮುಗಿಯಿತು ಅಂತ ಎಷ್ಟೋ ಸಲ ಅಂದಿದ್ದಾಯಿತು. ಆದರೂ ಜನವರಿಯಲ್ಲಿ ಒಮ್ಮೆ ಬಾದಾಮಿ ಕಡೆ ಹೋಗಿ ನೋಡಿ. ಬನಶಂಕರಿ ಜಾತ್ರೆಯಲ್ಲಿ ಒಂದರ ಪಕ್ಕ ಒಂದು ನಾಟಕದ ಟೆಂಟು, ಒಂದೊಂದರ ಮುಂದೂ ಜನ.

ಮನೆಮಂದಿಯನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಲು ಸ್ವಲ್ಪ ತಯಾರಿ ಬೇಕು. ತಯಾರಿ ಇಲ್ಲದೆ ಹೋದರೆ ಚಿಕ್ಕವರು ನಿದ್ದೆ ಮಾಡುತ್ತಾರೆ, ದೊಡ್ಡವರು ಮುಖ ಸಿಂಡರಿಸುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ನಾಟಕದ ನಗು ಮುಕ್ಕಾಲು ಪಾಲು ಮಾತಿನಲ್ಲಿದೆ. ಮಾತು ಕಿವಿಗೆ ಬಿದ್ದರೆ, ಬಿದ್ದದ್ದು ಅರ್ಥವಾದರೆ, ಎಲ್ಲರೂ ನಗುತ್ತಾರೆ. ಯಾವ ದಿನ, ಯಾವ ಟೆಂಟು, ಯಾವ ಕುರ್ಚಿ ಅನ್ನುವುದನ್ನೆಲ್ಲ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಿ.

ಮೊದಲು ದಿನ ಗೊತ್ತು ಮಾಡಿ

ಬನಶಂಕರಿ ದೇವಸ್ಥಾನ ಇರುವುದು ಬಾಗಲಕೋಟೆ ಜಿಲ್ಲೆಯಲ್ಲಿ, ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದಲ್ಲಿ, ಚೊಳಚಗುಡ್ಡದ ಹತ್ತಿರ. ಪುಷ್ಯ ಮಾಸದ ಹುಣ್ಣಿಮೆಗೆ ಈ ಕಡೆ ಬನದ ಹುಣ್ಣಿಮೆ ಅಂತ ಹೆಸರು. ಅವತ್ತು ತೇರು. ಅದಕ್ಕೂ ಮುಂಚೆ ದೇವಿಗೆ ತರತರದ ಕಾಯಿಪಲ್ಲೆಯ ಅಲಂಕಾರ, ಅದು ಪಲ್ಯೇದ ಹಬ್ಬ. ಬನಶಂಕರಿ ಅಂದರೆ ಶಾಕಂಬರಿ ತಾನೇ, ತರಕಾರಿಯ ದೇವತೆ. ತೇರಿನ ಮೇಲೂ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಬನದ ಹುಣ್ಣಿಮೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಪಂಚಾಂಗ ನೋಡಿಕೊಂಡು ಊರಿಂದ ಹೊರಡುವ ದಿನ ಇಟ್ಟುಕೊಳ್ಳಿ.

ತೇರಿನ ದಿನವೇ ನಾಟಕವನ್ನೂ ನೋಡೋಣ ಅಂತ ಹೊರಡಬೇಡಿ. ಅವತ್ತು ಕಾಲಿಡಲು ಜಾಗ ಇರುವುದಿಲ್ಲ, ವಾಹನಗಳನ್ನು ದೂರದಲ್ಲೇ ನಿಲ್ಲಿಸುತ್ತಾರೆ, ಫೋನ್ ಕೂಡ ಸರಿಯಾಗಿ ಸಿಗುವುದಿಲ್ಲ. ಟೆಂಟುಗಳೂ ಕಿಕ್ಕಿರಿದಿರುತ್ತವೆ. ಕಲಾವಿದರು ಆಟದ ಮೇಲೆ ಆಟ ಮಾಡಿ ದಣಿದಿರುತ್ತಾರೆ, ಜನರ ಗದ್ದಲದಲ್ಲಿ ಅರ್ಧ ಮಾತು ತೇಲಿ ಹೋಗುತ್ತದೆ. ತೇರು ಮುಗಿದು ನಾಲ್ಕೈದು ದಿನ ಕಳೆದ ಮೇಲೆ, ಶನಿವಾರ ಭಾನುವಾರ ಬಿಟ್ಟು ಬೇರೆ ಯಾವ ದಿನವಾದರೂ ಹೋಗಿ. ಜಾತ್ರೆಯ ಕಳೆ ಇನ್ನೂ ಇರುತ್ತದೆ, ಕೂರಲು ಜಾಗವೂ ಸಿಗುತ್ತದೆ. ಶಾಲೆ ಇದೆಯಲ್ಲ ಅಂದರೆ ಸಂಕ್ರಾಂತಿ ರಜೆಯನ್ನು ಹೊಂದಿಸಿಕೊಳ್ಳಿ. ಶನಿವಾರವೇ ಗತಿಯಾದರೆ ಮೊದಲ ಆಟಕ್ಕೆ ಬೇಗ ಹೋಗಿ ಟಿಕೆಟ್ ಮಾಡಿಸಿ.

ಬೆಂಗಳೂರು, ಮೈಸೂರಿನಿಂದ ಬರುವವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಬಾದಾಮಿಯಲ್ಲಿ ನಿಲ್ಲುತ್ತದೆ. ರೈಲು ನಿಲ್ದಾಣ ಊರಿನಿಂದ ಸ್ವಲ್ಪ ಆಚೆ ಇದೆ, ಆಟೋ ಸಿಗುತ್ತದೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಯಿಂದ ಬಸ್ಸುಗಳಿವೆ. ಜಾತ್ರೆಯ ದಿನಗಳಲ್ಲಿ ಬಾದಾಮಿಯ ಲಾಡ್ಜುಗಳು ಬೇಗ ತುಂಬುತ್ತವೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಹೋಟೆಲ್ ಕೂಡ ಇಲ್ಲಿದೆ. ರೂಮು ಎಲ್ಲೇ ಆಗಲಿ, ತಿಂಗಳ ಮೊದಲೇ ಹಿಡಿದುಬಿಡಿ. ರಾತ್ರಿ ಆಟ ಮುಗಿದ ಮೇಲೆ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ರೂಮು ಹುಡುಕುವ ಗೋಳು ಯಾರಿಗೂ ಬೇಡ.

ನಾಟಕ ಆರಿಸುವುದೇ ದೊಡ್ಡ ಕೆಲಸ

ಇಲ್ಲಿ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಯಾಕೆಂದರೆ ಕುಟುಂಬದ ಸಂಜೆ ಕೆಡುವುದು, ಕೆಟ್ಟರೆ, ಇಲ್ಲೇ.

ಜಾತ್ರೆಯ ಕಂಪನಿಗಳು ಆಡುವ ನಾಟಕಗಳಲ್ಲಿ ಹೆಚ್ಚಿನವು ಸಾಮಾಜಿಕ ನಾಟಕಗಳು. ಅಣ್ಣ ತಮ್ಮಂದಿರ ಜಗಳ, ಅತ್ತೆ ಸೊಸೆ, ಊರ ಗೌಡ, ಮೋಸ ಹೋದ ಹುಡುಗಿ, ಕುಡುಕ ಗಂಡ, ಇಂಥ ಕತೆ. ಕತೆ ಎಷ್ಟೇ ಅಳಿಸಿದರೂ ಎರಡು ಸೀನಿಗೊಮ್ಮೆ ಹಾಸ್ಯ ಪಾತ್ರದವರು ಬಂದೇ ಬರುತ್ತಾರೆ. ಜನ ಬರುವುದೇ ಅವರಿಗಾಗಿ. ನಾಯಕನ ಹೆಸರು ಮರೆತವರಿಗೂ ಹಾಸ್ಯ ಮಾಡಿದವರ ಹೆಸರು ನೆನಪಿರುತ್ತದೆ. ಇದು ಇವತ್ತಿನದ್ದೇನೂ ಅಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ನಾಡಿನ ಅತಿ ದೊಡ್ಡ ಕಂಪನಿಯಾಗಿ ಬೆಳೆಸಿದ ಗುಬ್ಬಿ ವೀರಣ್ಣನವರು ಸ್ವತಃ ಹಾಸ್ಯ ನಟ. ‘ಸದಾರಮೆ’ ನಾಟಕದ ಕಳ್ಳನ ಪಾತ್ರ ಅವರಿಗೆ ದೊಡ್ಡ ಹೆಸರು ತಂದಿತು. ಮುಂದೆ ಮೊಮ್ಮಗಳು ಬಿ. ಜಯಶ್ರೀ ಅದೇ ಕಳ್ಳನ ಪಾತ್ರವನ್ನು ಗಂಡುವೇಷ ಹಾಕಿ ಮಾಡಿದರು. ನರಸಿಂಹರಾಜು, ಬಾಲಕೃಷ್ಣ ಇಬ್ಬರೂ ಸಿನಿಮಾಕ್ಕೆ ಬರುವ ಮೊದಲು ಈ ಕಂಪನಿಯಲ್ಲಿದ್ದವರು. ರಾಜ್‌ಕುಮಾರ್ ಕೂಡ ಅಲ್ಲಿಯವರೇ, ಅವರ ತಂದೆ ಪುಟ್ಟಸ್ವಾಮಯ್ಯನವರು ಅದೇ ಕಂಪನಿಯ ನಟ.

ಆದರೆ ಈಗಿನ ಹಾಸ್ಯದಲ್ಲಿ ಒಂದು ತೊಂದರೆ ಇದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ಕೆಲವು ನಾಟಕಗಳಲ್ಲಿ ಡಬಲ್ ಮೀನಿಂಗ್ ಜಾಸ್ತಿ. ಮಾತು ಮೇಲೆ ಒಂದು, ಒಳಗೆ ಇನ್ನೊಂದು. ಹತ್ತು ವರ್ಷದ ಮಗ ಪಕ್ಕದಲ್ಲಿ ಕೂತು “ಅಪ್ಪಾ, ಎಲ್ಲರೂ ಯಾಕೆ ನಕ್ಕರು?” ಅಂತ ಕೇಳಿದರೆ ಏನು ಹೇಳುತ್ತೀರಿ? ಎಲ್ಲ ಕಂಪನಿಗಳೂ ಹಾಗಿಲ್ಲ. ಒಂದೇ ಕಂಪನಿಯ ಎಲ್ಲ ಆಟಗಳೂ ಹಾಗಿರುವುದಿಲ್ಲ. ಹೊತ್ತು ಏರಿದಂತೆ, ಮುಂದೆ ಕೂತವರು ಬದಲಾದಂತೆ ಮಾತೂ ಬದಲಾಗುತ್ತದೆ. ಹಾಸ್ಯ ನಟರು ಬರೆದದ್ದನ್ನಷ್ಟೇ ಆಡುವವರಲ್ಲ, ಎದುರಿಗಿದ್ದವರನ್ನು ನೋಡಿ ಸ್ಥಳದಲ್ಲೇ ಮಾತು ಹೊಸೆಯುತ್ತಾರೆ. ಮುಂದಿನ ಸಾಲುಗಳಲ್ಲಿ ಹೆಂಗಸರು, ಮಕ್ಕಳು ತುಂಬಿದ್ದರೆ ಒಂದು ಧಾಟಿ, ನಡುರಾತ್ರಿಯ ಆಟಕ್ಕೆ ಹುಡುಗರ ಗುಂಪೇ ಬಂದಿದ್ದರೆ ಇನ್ನೊಂದು. ಅದಕ್ಕೇ ಕುಟುಂಬದವರು ಸಂಜೆಯ ಮೊದಲ ಆಟಕ್ಕೇ ಹೋಗಬೇಕು. ಜಾತ್ರೆಯಲ್ಲಿ ಜನ ಜಾಸ್ತಿಯಾದ ದಿನಗಳಲ್ಲಿ ರಾತ್ರಿಯಿಡೀ ಒಂದರ ಹಿಂದೆ ಒಂದು ಆಟ ಇರುತ್ತದೆ. ಎರಡನೆಯದು, ಮೂರನೆಯದು ಬೇರೆಯವರಿಗೆ ಬಿಡಿ.

ಯಾವ ನಾಟಕ ಅಂತ ತಿಳಿಯಲು ಬೋರ್ಡು ಓದಿ. ಪ್ರತಿ ಟೆಂಟಿನ ಮುಂದೆ ಅವತ್ತಿನ ನಾಟಕದ ಹೆಸರು, ಕಲಾವಿದರ ಫೋಟೋ, ಆಟದ ಹೊತ್ತು ಬರೆದಿರುತ್ತಾರೆ. ಹೆಸರೇ ಅರ್ಧ ಕತೆ ಹೇಳುತ್ತದೆ. ತಾಯಿ, ತವರು, ತಂಗಿ, ಮಗ ಇಂಥ ಮಾತು ಹೆಸರಿನಲ್ಲಿದ್ದರೆ ಕಣ್ಣೀರು ಜಾಸ್ತಿ, ನಡುನಡುವೆ ನಗು. ಹೆಸರು ಓದುವಾಗಲೇ ನಿಮಗೆ ಮುಜುಗರವಾದರೆ ಒಳಗೆ ಹೋಗುವುದೇ ಬೇಡ. “ಕೌಟುಂಬಿಕ”, “ಸಕುಟುಂಬ ಸಮೇತ ನೋಡಿ” ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಅದನ್ನು ಎಲ್ಲರೂ ಬರೆಯುತ್ತಾರೆ.

ಟಿಕೆಟ್ ಕೌಂಟರಿನಲ್ಲಿ ಕೇಳಿದರೂ “ಬರ್ರಿ ಬರ್ರಿ, ಫ್ಯಾಮಿಲಿ ನಾಟಕ ಐತ್ರೀ” ಅನ್ನುವ ಉತ್ತರವೇ ಸಿಗುತ್ತದೆ. ವ್ಯಾಪಾರ ಅಲ್ವಾ? ಇದಕ್ಕಿಂತ ಒಳ್ಳೆಯ ದಾರಿ ಹೇಳುತ್ತೇನೆ. ಒಂದು ದಿನ ಮೊದಲೇ ಬಂದಿದ್ದರೆ, ಆಟ ಬಿಡುವ ಹೊತ್ತಿಗೆ ಟೆಂಟಿನ ಹೊರಗೆ ನಿಲ್ಲಿ. ಮನೆಯವರ ಜೊತೆ ಹೊರಬರುವ ಹೆಂಗಸರನ್ನು ಕೇಳಿ. “ಅಕ್ಕಾರ, ನಾಟಕ ಹೆಂಗಿತ್ತರೀ? ಸಣ್ಣ ಹುಡುಗರನ್ನ ಕೂಡ್ರಿಸ್ಕೊಂಡು ನೋಡೂ ಹಂಗ ಐತೇನ್ರೀ?” ಅಂದರೆ ಸಾಕು. ಚೆನ್ನಾಗಿದ್ದರೆ ಹಾಸ್ಯದ ಸೀನನ್ನು ಅಲ್ಲೇ ಆಡಿ ತೋರಿಸುತ್ತಾರೆ. ಚೆನ್ನಾಗಿಲ್ಲದಿದ್ದರೆ ಸುಮ್ನೆ ನಕ್ಕು ಮುಂದೆ ಹೋಗುತ್ತಾರೆ. ಎರಡೂ ಸ್ಪಷ್ಟ ಉತ್ತರವೇ. ಹಾಗೆ ನಿಲ್ಲಲು ಆಗದಿದ್ದರೆ ನೀವು ಇಳಿದುಕೊಂಡ ಲಾಡ್ಜಿನವರನ್ನು, ಆಟೋದವರನ್ನು ಕೇಳಿ. ಈ ಊರ ಜನ ವರ್ಷವರ್ಷವೂ ನಾಟಕ ನೋಡುವವರು, ಯಾವ ಕಂಪನಿ ಹೇಗೆ ಅನ್ನುವುದು ಅವರಿಗೆ ಬಾಯಿಪಾಠ.

ಮಕ್ಕಳು ಎಂದೂ ನಾಟಕ ನೋಡಿಲ್ಲದಿದ್ದರೆ

ಮೂರು ಗಂಟೆ ಹತ್ತಿರ ಕೂರಬೇಕಾದ ಆಟಕ್ಕೆ ಒಮ್ಮೆಗೇ ಕರೆದೊಯ್ಯುವುದಕ್ಕಿಂತ ಮೊದಲು ನಿಮ್ಮ ಊರಿನಲ್ಲೇ ಒಂದು ಹಾಡು-ನಗುವಿನ ನಾಟಕ ತೋರಿಸಿ. ಬೆಂಗಳೂರಿನವರಿಗೆ ಜೆ.ಪಿ. ನಗರದ ರಂಗ ಶಂಕರ ಇದೆ. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿ 2004ರಲ್ಲಿ ಬಾಗಿಲು ತೆರೆದ ರಂಗಮಂದಿರ. ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟ್ರಾಫಿಕ್ ಅಂದರೂ ಇಲ್ಲ, ಮಗು ಅತ್ತಿತು ಅಂದರೂ ಇಲ್ಲ. ತುಂಬ ಚಿಕ್ಕ ಮಕ್ಕಳಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ಅವರಿಗೆ ಪ್ರವೇಶ ಇದೆಯಾ ಕೇಳಿಕೊಳ್ಳಿ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ಈ ಬಿಗಿ ಕಡಿಮೆ. ಮೈಸೂರಿನವರಿಗೆ ರಂಗಾಯಣವಿದೆ. ಅದನ್ನು 1989ರಲ್ಲಿ ಕಟ್ಟಿ ಬೆಳೆಸಿದ ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನೇ. ಅವರ ನಾಟಕಗಳ ಹಾಡುಗಳಲ್ಲಿ ಕಂಪನಿಯ ಮಟ್ಟು ಇಣುಕುವುದು ಅದಕ್ಕೇ. ಬೇರೆ ಊರುಗಳಲ್ಲಿ ನೀನಾಸಂ ಅನ್ನುವ ರಂಗಸಂಸ್ಥೆಯ ತಿರುಗಾಟದ ತಂಡ ಬರುವುದನ್ನು ಕಾಯಿರಿ. ಹೆಗ್ಗೋಡಿನಿಂದ ಹೊರಟು 1985ರಿಂದ ಊರೂರು ಸುತ್ತುತ್ತಿರುವ ತಂಡ ಅದು.

ಇವುಗಳಲ್ಲಿ ಒಂದಕ್ಕೆ ಮಕ್ಕಳು ಅಲುಗಾಡದೆ ಕೂತರೆ ಜಾತ್ರೆಗೂ ಸೈ. ಅರ್ಧಕ್ಕೇ “ಮನೆಗೆ ಹೋಗೋಣ” ಅಂದರೆ ಒಂದು ವರ್ಷ ಬಿಟ್ಟು ಬನಶಂಕರಿಗೆ ಹೊರಡಿ.

ಮನೆಯಲ್ಲೇ ಕಿವಿ ಹದ ಮಾಡಿಕೊಳ್ಳಿ

ದಕ್ಷಿಣದಿಂದ ಬರುವ ಮಕ್ಕಳಿಗೆ ಕಷ್ಟವಾಗುವುದು ಭಾಷೆ. ರಂಗದ ಮೇಲಿನ ಹಾಸ್ಯ ಅಚ್ಚ ಉತ್ತರ ಕರ್ನಾಟಕದ ಮಾತಿನಲ್ಲಿ, ಅದೂ ಗುಂಡು ಹೊಡೆದ ವೇಗದಲ್ಲಿ ಬರುತ್ತದೆ. ಪಕ್ಕದವರು ಬಿದ್ದು ಬಿದ್ದು ನಗುವಾಗ ನಮ್ಮ ಮಗು ಮಾತ್ರ ಪಿಳಿಪಿಳಿ ಕಣ್ಣು ಬಿಟ್ಟರೆ ಪಾಪ ಅನ್ನಿಸುತ್ತದೆ. ಹೊರಡುವ ಮೊದಲಿನ ವಾರ ಆ ಕಡೆಯ ಮಾತನ್ನು ಸ್ವಲ್ಪ ಕೇಳಿಸಿ. ಹುಬ್ಬಳ್ಳಿ, ವಿಜಯಪುರ ಕಡೆಯ ನೆಂಟರಿದ್ದರೆ ಫೋನ್ ಕೊಟ್ಟು ಮಾತಾಡಿಸಿ. ಇಲ್ಲದಿದ್ದರೆ ಯೂಟ್ಯೂಬಿನಲ್ಲಿ ಕಂಪನಿ ನಾಟಕದ ಹಾಸ್ಯ ತುಣುಕುಗಳು ಬೇಕಾದಷ್ಟಿವೆ. ಮೊದಲು ನೀವೊಬ್ಬರೇ ನೋಡಿ, ಆಮೇಲೆ ಮಕ್ಕಳಿಗೆ ತೋರಿಸಿ. ಇದರಿಂದ ಯಾವ ಕಲಾವಿದರ ಮಾತು ಹೇಗಿದೆ ಅನ್ನುವುದೂ ತಿಳಿಯುತ್ತದೆ.

ರಂಗದ ರೀತಿನೀತಿಯನ್ನೂ ಎರಡು ಮಾತಿನಲ್ಲಿ ಹೇಳಿಬಿಡಿ. ಇಲ್ಲಿ ಜನ ಮಾತಾಡುತ್ತಾ ಮಾತಾಡುತ್ತಾ ಹಾಡಲು ಶುರು ಮಾಡುತ್ತಾರೆ. ಕಾಡು, ಅರಮನೆ, ಬೀದಿ ಎಲ್ಲ ಬಣ್ಣ ಬಳಿದ ಪರದೆಯ ಮೇಲೆ ಇರುತ್ತವೆ. ಒಂದು ಪರದೆ ಮೇಲೆ ಹೋದರೆ ಊರೇ ಬದಲಾಯಿತು ಅಂತ ತಿಳಿಯಬೇಕು. ಮುಖ್ಯ ಕತೆಯ ಜೊತೆಗೇ ಹಾಸ್ಯದ ಜೋಡಿಯ ಕತೆ ಬೇರೆ ನಡೆಯುತ್ತದೆ. ದೊಡ್ಡ ಸೀನಿನ ಸಾಮಾನು ಹಿಂದೆ ಜೋಡಿಸುವಾಗ ಮುಂದಿನ ಪರದೆಯ ಎದುರು ಬಂದು ನಗಿಸುವವರು ಅವರೇ. ಹಾಸ್ಯ ನಟ ಪ್ರೇಕ್ಷಕರನ್ನೇ ಮಾತಾಡಿಸಬಹುದು, ಮುಂದೆ ಕೂತವರ ಬೋಳುತಲೆಯನ್ನೂ ಬಿಡುವುದಿಲ್ಲ. ಕೋಪ ಮಾಡಿಕೊಳ್ಳುವಂತಿಲ್ಲ. ಹಾಡು ಹಿಡಿಸಿದರೆ “ಒನ್ಸ್ ಮೋರ್” ಅಂತ ಕೂಗಬಹುದು. ಸುಮ್ಮನಿರು ಅಂತ ಗದರಿಸಿಕೊಂಡೇ ಬೆಳೆದ ಮಕ್ಕಳಿಗೆ ಈ ಕೊನೆಯ ನಿಯಮ ಕೇಳಿಯೇ ನಾಟಕ ಇಷ್ಟವಾಗಿಬಿಡುತ್ತದೆ.

ಮನೆಯಲ್ಲಿ ಹಿರಿಯರಿದ್ದರೆ ಅವರಿಂದಲೇ ಹಳೆಯ ಕಂಪನಿಗಳ ಕತೆ ಹೇಳಿಸಿ. ಈ ಸೀಮೆಯ ಅಜ್ಜಂದಿರಿಗೆ ಏಣಗಿ ಬಾಳಪ್ಪನವರ ಹೆಸರು ಹೇಳಿದರೆ ಸಾಕು, ಮಾತು ತಾನೇ ಹೊರಡುತ್ತದೆ. ನೂರು ದಾಟಿ ಬದುಕಿದ ಬಾಳಪ್ಪನವರು ಹಾಡುತ್ತಾ, ಆಡುತ್ತಾ ಕಂಪನಿ ಕಟ್ಟಿ ನಡೆಸಿದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದವರೂ ಅಂಧ ಮಕ್ಕಳಿಗೆ ಊಟ, ಸಂಗೀತ ಕೊಡುವುದಕ್ಕಾಗಿ ನಾಟಕ ಕಂಪನಿ ನಡೆಸಿದ್ದರು. ಇಂಥದ್ದು ತಿಳಿದಿದ್ದರೆ ಅಜ್ಜ ಮೊಮ್ಮಕ್ಕಳು ರೈಲಿನಲ್ಲಿ ಮಾತಾಡಿಕೊಂಡು ಬರಲು ಏನಾದರೂ ಇರುತ್ತದೆ.

ಟಿಕೆಟ್ಟು, ಕುರ್ಚಿ, ಕಿವಿ

ಟೆಂಟು ಅನ್ನುತ್ತೇವೆ, ಈಗ ಹೆಚ್ಚಿನವು ತಗಡಿನ ಶೀಟಿನ ಥಿಯೇಟರುಗಳು. ಮುಂದೆ ಹೆಚ್ಚಿನ ದರದ ಸೀಟು, ನಡುವೆ ಕುರ್ಚಿ, ಹಿಂದೆ ಕಡಿಮೆ ದರದ ಜಾಗ. ದರವನ್ನು ಕೌಂಟರಿನ ಮೇಲೇ ಬರೆದಿರುತ್ತಾರೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಜಾತ್ರೆಯ ಗದ್ದಲದಲ್ಲಿ ಫೋನಿನಲ್ಲಿ ಕಳಿಸಿದ ಹಣ ಹೋಗದೆ ಸುಮ್ಮನೆ ತಿರುಗುತ್ತಾ ನಿಂತರೆ ಹಿಂದಿನವರು ಬೈಯುತ್ತಾರೆ.

ದುಡ್ಡಿದೆ ಅಂತ ಎಲ್ಲಕ್ಕಿಂತ ಮುಂದಿನ ಸಾಲು ಹಿಡಿಯಬೇಡಿ. ರಂಗದ ಎರಡೂ ಬದಿಗೆ ದೊಡ್ಡ ಸ್ಪೀಕರುಗಳಿರುತ್ತವೆ. ಕೀಬೋರ್ಡು, ರಿದಂ ಪ್ಯಾಡು ಜೋರಾಗಿ ಶುರುವಾದರೆ ಚಿಕ್ಕ ಮಕ್ಕಳು ಕಿವಿ ಮುಚ್ಚಿಕೊಂಡು ಅಳುತ್ತಾರೆ. ಕಿವಿಗೆ ಮಿಷನ್ ಹಾಕಿಕೊಳ್ಳುವ ಅಜ್ಜನಿಗಂತೂ ಆ ಜಾಗ ನರಕ. ಹಾಗಂತ ತೀರ ಹಿಂದೆಯೂ ಬೇಡ. ಅಲ್ಲಿ ಪಕ್ಕದ ಟೆಂಟಿನ ಹಾಡು, ಹೊರಗೆ ಜಾತ್ರೆಯ ತಿರುಗುವ ತೊಟ್ಟಿಲಿನವರ ಕೂಗು, ಪೀಪಿ ಎಲ್ಲ ಒಟ್ಟಿಗೆ ನುಗ್ಗುತ್ತದೆ. ನಾಟಕದ ಮಾತು ಕೇಳಲು ನಡುವಿನ ಸಾಲು, ಅದರಲ್ಲೂ ಅಡ್ಡಕ್ಕೆ ನಡುಭಾಗ ಒಳ್ಳೆಯದು. ಕಲಾವಿದರು ಮೈಕಿನ ಎದುರಿಗೆ ಬಂದು, ಪ್ರೇಕ್ಷಕರಿಗೆ ಮುಖ ಕೊಟ್ಟು ಮಾತಾಡುತ್ತಾರೆ. ನಡುವೆ ಕೂತರೆ ಬಾಯಿಯ ಚಲನೆ ಕಾಣುತ್ತದೆ, ಕಿವಿಗೆ ಬೀಳದ ಮಾತೂ ಅರ್ಥವಾಗುತ್ತದೆ.

ಪಕ್ಕದ ಟೆಂಟಿನ ಸದ್ದನ್ನು ಪೂರ್ತಿ ತಪ್ಪಿಸಲು ಆಗದು. ಆದರೂ ಟಿಕೆಟ್ ಕೊಳ್ಳುವ ಮೊದಲು ಸುತ್ತ ಒಂದು ಸುತ್ತು ಹಾಕಿ ನೋಡಿ. ಎರಡು ಟೆಂಟುಗಳ ನಡುವೆ ಸಿಕ್ಕಿಕೊಂಡಿರುವ ಥಿಯೇಟರಿಗಿಂತ ಅಂಚಿನಲ್ಲಿರುವುದು ಮೇಲು. ಎರಡು ನಾಟಕಗಳಲ್ಲಿ ಯಾವುದಕ್ಕೆ ಅಂತ ತೂಗಾಡುತ್ತಿದ್ದರೆ ಇದನ್ನೇ ನೋಡಿ ತೀರ್ಮಾನಿಸಿ.

ಸಾಲಿನ ತುದಿಯ ಕುರ್ಚಿ ಮಕ್ಕಳ ಜೊತೆ ಇರುವವರಿಗಿರಲಿ, ಎದ್ದು ಹೋಗಿ ಬರಲು ಸುಲಭ. ಅಜ್ಜ ಅಜ್ಜಿ ಒಳಗೆ ಕೂರಲಿ. ಕೂತ ಕೂಡಲೇ ಹೊರಗೆ ಹೋಗುವ ಬಾಗಿಲು ಯಾವ ಕಡೆ ಇದೆ ಅಂತ ಎಲ್ಲರಿಗೂ ತೋರಿಸಿ. ತಗಡು, ಬಟ್ಟೆ, ವೈರು ಇರುವ ಜಾಗ. ಹೆದರಬೇಕಿಲ್ಲ, ತಿಳಿದಿದ್ದರೆ ಒಳ್ಳೆಯದು.

ಚಳಿ, ಊಟ, ಧೂಳು

ಜನವರಿಯ ರಾತ್ರಿ ಬಯಲುಸೀಮೆಯಲ್ಲಿ ಒಳ್ಳೆಯ ಚಳಿ. ಮಧ್ಯಾಹ್ನ ಸುಡುವ ಬಿಸಿಲು ನೋಡಿ ಮೋಸಹೋಗಬೇಡಿ. ತಗಡಿನ ಥಿಯೇಟರು ಬಿಸಿಲು ಇಳಿದ ಮೇಲೆ ಬೇಗ ತಣ್ಣಗಾಗುತ್ತದೆ. ಎಲ್ಲರಿಗೂ ಸ್ವೆಟರು, ಮಕ್ಕಳಿಗೆ ಟೊಪ್ಪಿ, ಹಿರಿಯರಿಗೆ ಶಾಲು ಇರಲಿ. ಜೊತೆಗೆ ಒಂದು ದಪ್ಪ ಹೊದಿಕೆ ತನ್ನಿ. ಮಡಚಿ ಹಾಕಿಕೊಂಡರೆ ಕುರ್ಚಿ ಮೆತ್ತಗಾಗುತ್ತದೆ, ಮಗು ಮಲಗಿದರೆ ಹೊದಿಸಬಹುದು. ಧೂಳು ಜಾಸ್ತಿ, ದಮ್ಮು ಇರುವವರು ಔಷಧಿ ಮರೆಯಬಾರದು.

ಊಟ ಮುಗಿಸಿಯೇ ಟೆಂಟಿಗೆ ಹೋಗಿ. ಹಸಿದ ಮಗುವಿಗೆ ಎಂಥ ಹಾಸ್ಯವೂ ರುಚಿಸುವುದಿಲ್ಲ. ಬನಶಂಕರಿಯಲ್ಲಿ ಊಟದ ಚಿಂತೆ ಇಲ್ಲ. ಗುಡಿಯ ಸುತ್ತ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಜೋಳದ ರೊಟ್ಟಿ, ಕಾಳಿನ ಪಲ್ಯ, ಝುಣಕ, ಕೆಂಪು ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. ಮಧ್ಯಾಹ್ನಕ್ಕೆ ಅದನ್ನೇ ಮಾಡಿ. ಕೆಂಪು ಚಟ್ನಿಯನ್ನು ಮಕ್ಕಳಿಗೆ ನೋಡಿಕೊಂಡು ಕೊಡಿ, ಜೊತೆಗೆ ಮೊಸರು ಜಾಸ್ತಿ ಹಾಕಿಸಿಕೊಳ್ಳಿ. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ, ಚಹಾ. ಇಂಟರ್ವಲ್ಲಿನಲ್ಲಿಯೂ ಭಜಿ ಸಿಗುತ್ತದೆ. ಆದರೆ ಹತ್ತು ನಿಮಿಷದಲ್ಲಿ ಸಾಲು ಹಚ್ಚಿ ತಂದು ತಿನ್ನುವುದು ಆಗದ ಮಾತು. ಕಡಲೆಕಾಯಿ, ಬಾಳೆಹಣ್ಣು, ನೀರಿನ ಬಾಟಲಿ ಚೀಲದಲ್ಲಿರಲಿ.

ಶೌಚಾಲಯದ ವಿಷಯ ನೇರವಾಗಿ ಹೇಳುತ್ತೇನೆ. ಜಾತ್ರೆಯಲ್ಲಿ ಒಳ್ಳೆಯ ವ್ಯವಸ್ಥೆ ಸಿಗುತ್ತದೆ ಅಂತ ಎಣಿಸಬೇಡಿ. ಆಟಕ್ಕೆ ಹೊರಡುವ ಮುಂಚೆ ರೂಮಿನಲ್ಲೇ ಎಲ್ಲರೂ ಹೋಗಿ ಬರಲಿ. ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ರೂಮಿಗೆ ಬೇಗ ಮರಳುವಂತೆ ಆಟೋ ಗೊತ್ತು ಮಾಡಿಟ್ಟುಕೊಳ್ಳಿ.

ಆ ದಿನ ಹೀಗೆ ಕಳೆಯಿರಿ

ಬೆಳಿಗ್ಗೆ ಬಿಸಿಲು ಏರುವ ಮೊದಲು ಬಾದಾಮಿಯ ಗುಹೆಗಳನ್ನು ನೋಡಿ. ಅಗಸ್ತ್ಯ ತೀರ್ಥದ ಕೆರೆಯ ದಂಡೆಯಲ್ಲಿ ಮಕ್ಕಳನ್ನು ಓಡಾಡಲು ಬಿಡಿ. ಪಟ್ಟದಕಲ್ಲು, ಐಹೊಳೆ ಇನ್ನೊಂದು ದಿನಕ್ಕಿರಲಿ. ಎಲ್ಲವನ್ನೂ ಒಂದೇ ದಿನ ತುರುಕಿದರೆ ಸಂಜೆ ಮೊದಲ ಹಾಡಿಗೇ ಮನೆಮಂದಿ ತೂಕಡಿಸುತ್ತಾರೆ. ಮಧ್ಯಾಹ್ನ ಬನಶಂಕರಿಗೆ ಹೋಗಿ ದೇವಿಯ ದರ್ಶನ, ರೊಟ್ಟಿ ಊಟ. ಆಮೇಲೆ ರೂಮಿಗೆ ವಾಪಸ್ ಬಂದು ಎರಡು ಗಂಟೆ ನಿದ್ದೆ. ಈ ನಿದ್ದೆಯನ್ನು ಮಾತ್ರ ಬಿಡಬೇಡಿ, ಮಕ್ಕಳು ಬೇಡ ಅಂದರೂ ಮಲಗಿಸಿ. 

ಆಟಕ್ಕೆ ಒಂದೂವರೆ ಗಂಟೆ ಮೊದಲು ಮತ್ತೆ ಜಾತ್ರೆಗೆ ಬನ್ನಿ. ಟಿಕೆಟ್ ಮಾಡಿಸಿ, ಉಳಿದ ಹೊತ್ತಿನಲ್ಲಿ ಸುತ್ತಾಡಿ. ಮರದ ಬಾಗಿಲು, ಚೌಕಟ್ಟುಗಳ ಸಾಲು ಬನಶಂಕರಿ ಜಾತ್ರೆಯ ವಿಶೇಷ. ಮನೆ ಕಟ್ಟಿಸುವವರು ದೂರದೂರದಿಂದ ಬಂದು ಇಲ್ಲಿ ಬಾಗಿಲು ಕೊಳ್ಳುತ್ತಾರೆ. ತೊಟ್ಟಿಲು ಆಡುವುದಿದ್ದರೆ ನಾಟಕಕ್ಕೆ ಮೊದಲೇ ಆಡಿಸಿಬಿಡಿ. ಇಲ್ಲದಿದ್ದರೆ ನಾಟಕದುದ್ದಕ್ಕೂ “ತೊಟ್ಟಿಲು ಯಾವಾಗ?” ಅನ್ನುವ ರಾಗ ಕೇಳಬೇಕಾಗುತ್ತದೆ.

ಪ್ರತಿ ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಯಾರಾದರೂ ತಪ್ಪಿಸಿಕೊಂಡರೆ ಎಲ್ಲರೂ ಸೇರುವ ಜಾಗ ನಿಮ್ಮ ಕಂಪನಿಯ ಟಿಕೆಟ್ ಕೌಂಟರು ಅಂತ ಮೊದಲೇ ಹೇಳಿ, ಕಂಪನಿಯ ಹೆಸರನ್ನು ಬಾಯಿಪಾಠ ಮಾಡಿಸಿ. “ನಾಟಕದ ಟೆಂಟು” ಅಂದರೆ ಉಪಯೋಗವಿಲ್ಲ, ಅಲ್ಲಿರುವುದೆಲ್ಲ ನಾಟಕದ ಟೆಂಟುಗಳೇ.

ಮೊದಲ ಬೆಲ್ಲಿಗೆ ಗಾಬರಿ ಬೇಡ, ಚಹಾ ಮುಗಿಸಬಹುದು. ಎರಡನೆಯದಕ್ಕೆ ಒಳಗೆ ಬನ್ನಿ. ಮೂರನೆಯ ಬೆಲ್ಲಿಗೆ ದೀಪ ಆರುತ್ತದೆ, ನಾಂದಿ ಹಾಡು ಶುರುವಾಗುತ್ತದೆ. ನಾಂದಿಯನ್ನು ತಪ್ಪಿಸಿಕೊಳ್ಳಬೇಡಿ. ಆಮೇಲೆ ಹೊಡೆದಾಡುವವರು, ಅಳುವವರು, ಕಾಲೆಳೆಯುವವರು ಎಲ್ಲ ಬಣ್ಣ ಹಚ್ಚಿಕೊಂಡು ಒಟ್ಟಿಗೆ ಕೈಮುಗಿದು ನಿಂತು ಹಾಡುವುದನ್ನು ಮಕ್ಕಳು ನೋಡಬೇಕು.

ಒಳಗೆ ಕೂತ ಮೇಲೆ

ಪ್ರತಿ ಮಾತಿಗೂ ಮಕ್ಕಳಿಗೆ ಅರ್ಥ ಹೇಳುತ್ತಾ ಕೂರಬೇಡಿ. ಒಂದಕ್ಕೆ ಅರ್ಥ ಹೇಳುವಷ್ಟರಲ್ಲಿ ಎರಡು ಹೋಗಿರುತ್ತವೆ, ಮುಂದಿನವರಿಗೂ ಕಿರಿಕಿರಿ. ಪರದೆ ಬಿದ್ದಾಗ, ಹಾಡು ನಡೆದಾಗ ಕತೆಯನ್ನು ಒಂದು ಸಾಲಿನಲ್ಲಿ ಹೇಳಿ, ಸಾಕು. ಹಾಸ್ಯ ನಟನ ನಡಿಗೆ, ಮುಖ, ಪೆಟ್ಟು ತಿಂದು ಬೀಳುವ ರೀತಿ ಇವಕ್ಕೆ ಯಾವ ಭಾಷೆಯೂ ಬೇಡ.

ಒಂದು ಕೆಟ್ಟ ಮಾತು ಬಂದುಬಿಟ್ಟರೆ? ಬರಬಹುದು. ಗದ್ದಲ ಮಾಡಿ ಎದ್ದು ಹೊರಟರೆ ಮಕ್ಕಳು ಆ ಮಾತನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. ಏನೂ ಆಗದವರಂತೆ ಕಡಲೆಕಾಯಿ ಕೊಟ್ಟು ಮುಂದೆ ಸಾಗಿ. ಅಂಥ ಮಾತೇ ಸೀನಿನ ಮೇಲೆ ಸೀನು ಬರುತ್ತಿದ್ದರೆ ಇಂಟರ್ವಲ್ಲಿನಲ್ಲಿ ಸದ್ದಿಲ್ಲದೆ ಹೊರಗೆ ಬನ್ನಿ. ಟಿಕೆಟ್ ದುಡ್ಡಿನ ಮುಖ ನೋಡಬೇಡಿ. ಹೊರಡುವಾಗ ಗೇಟಿನಲ್ಲಿರುವ ಕಂಪನಿಯವರಿಗೆ “ಮಕ್ಕಳಿದ್ದರು, ಅದಕ್ಕೆ ಹೊರಟೆವು ನೋಡ್ರಿ” ಅಂತ ಮೆತ್ತಗೆ ಹೇಳಿ ಹೋಗಿ. ಜನ ಯಾಕೆ ಎದ್ದು ಹೋಗುತ್ತಾರೆ ಅನ್ನುವುದು ಮಾಲೀಕರಿಗೂ ತಿಳಿಯಬೇಕು. ಕುಟುಂಬಗಳು ಬರುವುದನ್ನೇ ಬಿಟ್ಟರೆ ಕಂಪನಿ ನಡೆಯುವುದಿಲ್ಲ ಅಂತ ಅವರಿಗೂ ಗೊತ್ತಿದೆ.

ಮೊಬೈಲಿನಲ್ಲಿ ನಾಟಕ ಚಿತ್ರಿಸಬೇಡಿ. ಬೆಳಕು ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಅವರ ಹೊಟ್ಟೆಪಾಡು.

ಹಾಸ್ಯವೋ ಹಾಡೋ ತುಂಬ ಹಿಡಿಸಿದರೆ ಕಲಾವಿದರಿಗೆ ಆಯೇರಿ ಮಾಡುವ ರೂಢಿ ಇದೆ. ನಿಮ್ಮ ಕೈಲಾದಷ್ಟು ದುಡ್ಡನ್ನು, ಯಾರ ಹೆಸರಿನಲ್ಲಿ, ಯಾವ ಪಾತ್ರಕ್ಕೆ ಅಂತ ಚೀಟಿ ಬರೆದು ಕಂಪನಿಯವರ ಕೈಗೆ ಕೊಟ್ಟರೆ ಮೈಕಿನಲ್ಲಿ ಕೂಗಿ ಹೇಳುತ್ತಾರೆ. ಚೀಟಿಯಲ್ಲಿ ಅಜ್ಜಿಯ ಹೆಸರು ಬರೆಯಿರಿ. ಜಾತ್ರೆಯ ಮೈಕಿನಲ್ಲಿ ತನ್ನ ಹೆಸರು ಕೇಳಿದ ಅಜ್ಜಿ ಮನೆಗೆ ಬಂದ ಮೇಲೂ ಎಲ್ಲರಿಗೂ ಅದನ್ನೇ ಹೇಳುತ್ತಿರುತ್ತಾರೆ.

ಆಟ ಮುಗಿದ ಮೇಲೆ

ಮಂಗಳ ಹಾಡಿದ ಕೂಡಲೇ ಬಾಗಿಲಿಗೆ ನುಗ್ಗಬೇಡಿ. ಜನ ಕರಗುವವರೆಗೆ ಐದು ನಿಮಿಷ ಕೂತಿರಿ. ಮುಂದಿನ ಆಟ ಇದ್ದರೆ ಕಲಾವಿದರಿಗೆ ಉಸಿರಾಡಲು ಹೊತ್ತಿರುವುದಿಲ್ಲ, ಆಗ ಒಳಗೆ ಹೋಗಿ ಫೋಟೋ ಕೇಳಬಾರದು. ಬಿಡುವಿದ್ದರೆ ಗೇಟಿನವರನ್ನು ಕೇಳಿಕೊಂಡು, ಮಕ್ಕಳಿಗೆ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರನ್ನು, ಪರದೆ ಎಳೆಯುವ ಹಗ್ಗಗಳನ್ನು ತೋರಿಸಿ. ಹತ್ತಿರದಿಂದ ನೋಡಿದರೆ ಅರಮನೆಯ ಪರದೆಯಲ್ಲಿ ಬರೀ ಬ್ರಷ್ಷಿನ ಗೀಟುಗಳೇ ಕಾಣುತ್ತವೆ. ಚಿತ್ರ ಬರೆಯುವ ಮಕ್ಕಳಂತೂ ಅಲ್ಲಿಂದ ಕದಲುವುದೇ ಇಲ್ಲ.

ಬಾದಾಮಿಗೆ ಮರಳಲು ಜಾತ್ರೆಯ ದಿನಗಳಲ್ಲಿ ಹೆಚ್ಚಿನ ಬಸ್ಸು ಬಿಡುತ್ತಾರೆ. ಆದರೆ ರಾತ್ರಿ ಹಿರಿಯರನ್ನು, ಮಲಗಿದ ಮಕ್ಕಳನ್ನು ಇಟ್ಟುಕೊಂಡು ಬಸ್ಸಿಗೆ ಕಾಯುವುದು ಕಷ್ಟ. ಸಂಜೆ ಕರೆತಂದ ಆಟೋದವರಿಗೇ ವಾಪಸ್ ಬರಲು ಹೇಳಿ, ಎಷ್ಟು ದುಡ್ಡು ಅಂತ ಮೊದಲೇ ಮಾತಾಡಿ, ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಗೊತ್ತು ಮಾಡಿಕೊಳ್ಳಿ. ಟೆಂಟಿನ ಎದುರಿಗೆ ಗಾಡಿ ಬರುವುದಿಲ್ಲ, ಸ್ವಲ್ಪ ನಡೆಯಬೇಕಾಗುತ್ತದೆ. ಟಾರ್ಚು ಇರಲಿ.

ಮರುದಿನ ಮಕ್ಕಳು ಇನ್ನೊಂದು ನಾಟಕ ಬೇಕು ಅಂದರೆ ಅದೇ ಕಂಪನಿಗೆ ಹೋಗುವ ಬದಲು ಬೇರೆ ಟೆಂಟಿಗೆ ಹೋಗಿ. ಎರಡು ಹಾಸ್ಯಗಳಲ್ಲಿ ಯಾವುದು ಮೇಲು ಅಂತ ಜಗಳ ಶುರುವಾಗುತ್ತದೆ. ಊರಿಗೆ ಹೋಗುವ ರೈಲು ರಾತ್ರಿಯದಾದರೆ ಮಾತ್ರ ಆಟಕ್ಕೆ ಹೋಗುವ ಮೊದಲೇ ಸಾಮಾನು ಕಟ್ಟಿಟ್ಟು, ರೈಲಿನ ಹೊತ್ತು ನೋಡಿಕೊಂಡು, ಇಂಟರ್ವಲ್ಲಿಗೆ ಎದ್ದು ಬರಬೇಕಾಗಬಹುದು ಅಂತ ಎಲ್ಲರಿಗೂ ಹೇಳಿಯೇ ಟಿಕೆಟ್ ಮಾಡಿಸಿ.